ಕರ್ಣನ ಕಿವಿಗೆ ಏಳು ಮಾತ್ರೆ: ತುಮಕೂರಿನ ಒಂದು ಆಲ್ಬಂ ಪ್ರಕರಣ

ತುಮಕೂರಿನ ಐದು ಜನರ ಒಂದು ತಂಡ ಕುಮಾರವ್ಯಾಸ ಭಾರತದ ಒಂದು ಪ್ರಸಂಗವನ್ನು ಪಾಪ್ ಆಲ್ಬಂ ಮಾಡಿತು. ಅದು ಹೇಗಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಏನು ಬಿಟ್ಟರು, ಏನು ಉಳಿಸಿಕೊಂಡರು ಅನ್ನೋದನ್ನ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ, ಅವರೇ ಬೇಡ ಅಂದರು. ಹಾಡುವ ಹುಡುಗಿ ಬಿ.ಕಾಂ. ಮುಗಿಸಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಡ್ರಮ್ಮರ್‌ಗೆ ಮೊಬೈಲ್ ರಿಪೇರಿ ಅಂಗಡಿ. ಕೀಬೋರ್ಡ್, ಗಿಟಾರ್, ಬೇಸ್ ಮೂವರೂ ಇಂಜಿನಿಯರಿಂಗ್ ಓದುವವರು. ನಾನು ಕನ್ನಡ ಪಾಠ ಮಾಡುವವನು. ಪದ್ಯ ಬಿಡಿಸಿ ಅರ್ಥ ಹೇಳಿ ಸಾರ್ ಅಂತ ಕರೆದರು, ಆಮೇಲೆ ಸುಮ್ನೆ ಕೂರಲಾಗದೆ ಎಲ್ಲದಕ್ಕೂ ತಲೆ ಹಾಕಿದೆ.

ಪುಸ್ತಕವನ್ನು ಆಲ್ಬಂ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕಥೆಗೆ ಕೈ ಹಾಕುತ್ತಾರೆ. ಕಥೆ ಪೂರ್ತಿ ಬರಬೇಕು, ಪಾತ್ರ ಎಲ್ಲ ಬರಬೇಕು, ಕೇಳಿದವರಿಗೆ ಅರ್ಥ ಆಗಬೇಕು. ಈ ತಂಡಕ್ಕೆ ಕೈಕೊಟ್ಟಿದ್ದೇ ಕಥೆ. ಕಾಪಾಡಿದ್ದು ತಾಳ.

ಮೊದಲು ಹಿಡಿದದ್ದು ಬೇರೆ ಪುಸ್ತಕ

ಅವರಿಗೆ ಶುರುವಿನಲ್ಲಿ ಬೇಕಾಗಿದ್ದು ಕುಮಾರವ್ಯಾಸ ಅಲ್ಲ. ಒಂದು ಆಧುನಿಕ ಕನ್ನಡ ಕಾದಂಬರಿ. ಲೇಖಕರು ತೀರಿಕೊಂಡಿದ್ದಾರೆ, ಆದರೆ ಬಹಳ ವರ್ಷವೇನೂ ಆಗಿಲ್ಲ. ಮನೆಯವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. 'ಉತ್ತರ ಬಂದಿಲ್ಲ ಅಂದ್ರೆ ಬೇಡ ಅಂದಿಲ್ಲ ಅಲ್ವಾ ಸಾರ್' ಅಂತ ಗಿಟಾರ್ ಹುಡುಗನ ವಾದ. ಆ ವಾದ ನಡೆಯೋದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ಬದುಕಿರುವಷ್ಟು ದಿನ, ಆಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ಆ 60 ವರ್ಷವನ್ನು ತೀರಿಕೊಂಡ ಮುಂದಿನ ಜನವರಿಯಿಂದ ಎಣಿಸಬೇಕು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ಪದ್ಯಗಳು 2007ರಿಂದ ಎಲ್ಲರದ್ದು. ಮುಳಬಾಗಿಲಿನ ಡಿ.ವಿ.ಜಿ. ಹೋದದ್ದು 1975ರಲ್ಲಿ, ಅವರ ಕಗ್ಗಕ್ಕೆ 2035 ಮುಗಿಯುವವರೆಗೂ ಹಕ್ಕು ಇದೆ. ಕಾಲೇಜಿನೊಳಗೆ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮ ಇಷ್ಟೇ ಜನರ ಮುಂದೆ ಹಾಡಿದರೆ ಕಾಯ್ದೆ ಬಿಟ್ಟುಬಿಡುತ್ತದೆ. ಅದನ್ನೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಬಿಡೋದಿಲ್ಲ.

ಈ ಪೆಟ್ಟು ದೊಡ್ಡವರಿಗೂ ಬಿದ್ದಿದೆ. ಇಂಗ್ಲಿಷ್ ಗಾಯಕ ಡೇವಿಡ್ ಬೋವಿಗೆ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯನ್ನು ಸಂಗೀತ ನಾಟಕ ಮಾಡುವ ಆಸೆ ಇತ್ತು, ಆರ್ವೆಲ್ ಹೆಂಡತಿ ಸೋನಿಯಾ ಆಗಲ್ಲ ಅಂದುಬಿಟ್ಟರು. ಅದಕ್ಕಂತ ಬರೆದ ಹಾಡುಗಳು 1974ರ 'ಡೈಮಂಡ್ ಡಾಗ್ಸ್' ಆಲ್ಬಂಗೆ ಸೇರಿಕೊಂಡವು, ಸುತ್ತ ಬೋವಿಯೇ ಕಟ್ಟಿಕೊಂಡ ಇನ್ನೊಂದು ಹಾಳು ನಗರ. ಗಾಯಕಿ ಕೇಟ್ ಬುಷ್ ಕಥೆ ಇನ್ನೂ ಉದ್ದ. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕೊನೆಯ ಸ್ವಗತವನ್ನು ಹಾಡಬೇಕು ಅಂತ ಕೇಳಿದರು, ಕೊಡಲಿಲ್ಲ. 1989ರಲ್ಲಿ ಸ್ವಂತ ಸಾಲು ಬರೆದು 'ದಿ ಸೆನ್ಶುಯಲ್ ವರ್ಲ್ಡ್' ಹೊರತಂದರು. ಆಮೇಲೆ ಅನುಮತಿ ಸಿಕ್ಕಿತು, 2011ರಲ್ಲಿ ಅದೇ ಹಾಡನ್ನು ಜಾಯ್ಸ್‌ನ ಮಾತಿನಲ್ಲೇ ಮತ್ತೆ ಹಾಡಿದರು. ಅಷ್ಟು ವರ್ಷ ಕಾಯುವ ವ್ಯವಧಾನ ನಮ್ಮ ಹುಡುಗರಿಗಿಲ್ಲ.

ಹಾಗಾಗಿ ಹದಿನೈದನೇ ಶತಮಾನದ ಗದುಗಿನ ಕವಿ. ಹಾಡುವ ಹುಡುಗಿಯೇ ಸೂಚಿಸಿದ್ದು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ 'ಕೌರವೇಂದ್ರನ ಕೊಂದೆ ನೀನು' ಪಾಠ ಇತ್ತಲ್ಲ, ಕೃಷ್ಣ ಕರ್ಣನಿಗೆ ಅವನ ಹುಟ್ಟು ಹೇಳುವ ಭಾಗ, ಅದು ಅವಳಿಗೆ ಇನ್ನೂ ಬಾಯಿಪಾಠ. ಇಲ್ಲೂ ಒಂದು ಎಚ್ಚರ ಬೇಕು. ಪದ್ಯ ಎಲ್ಲರದ್ದು, ಆದರೆ ಇತ್ತೀಚಿನ ವಿದ್ವಾಂಸರು ಬರೆದ ಗದ್ಯಾನುವಾದ ಅವರದ್ದು. ಕೀಬೋರ್ಡ್ ಹುಡುಗ ಅಂಥ ಒಂದು ಪುಸ್ತಕದಿಂದ ಪ್ಯಾರಾ ಪ್ಯಾರಾ ಎತ್ತಿ ನಿರೂಪಣೆ ಬರೆದಿದ್ದ, ಅದನ್ನು ತೆಗೆಸಿದೆವು.

ಕಥೆ ಹೇಳುವವನು ಬೇಕಾ, ಬೇಡವಾ

ಮೊದಲ ಯೋಜನೆ ದೊಡ್ಡದಾಗಿತ್ತು. ಕುಂತಿ ಮಗುವನ್ನು ಹೊಳೆಗೆ ಬಿಡುವಲ್ಲಿಂದ ಕರ್ಣ ಸಾಯುವವರೆಗೆ ಪೂರ್ತಿ ಕಥೆ. ಹಾಡು, ಮಧ್ಯೆ ಗಂಭೀರ ಗಂಡು ಧ್ವನಿಯಲ್ಲಿ ನಿರೂಪಣೆ, ಮತ್ತೆ ಹಾಡು. ಮಾದರಿ ಸಂಗೀತ ಸಂಯೋಜಕ ಜೆಫ್ ವೇಯ್ನ್ 1978ರಲ್ಲಿ ತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಎಚ್.ಜಿ.ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದ ಕಾದಂಬರಿಯನ್ನು ಎರಡು ಎಲ್‌ಪಿ ತಟ್ಟೆಗಳಲ್ಲಿ ಹಿಡಿಸಿದ ಆಲ್ಬಂ ಅದು. ಕಥೆ ಹೇಳುವುದು ನಟ ರಿಚರ್ಡ್ ಬರ್ಟನ್. ಆ ಧ್ವನಿ ಬಂದರೆ ಸಾಕು, ಎದೆ ಝಲ್ಲೆನ್ನುತ್ತದೆ. ಕೀಬೋರ್ಡ್ ಹುಡುಗ ಅದನ್ನು ಅವರಪ್ಪನ ಕಾಲದ ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವನು.

ಮೊದಲ ಕರಡನ್ನು ಒಂದು ಭಾನುವಾರ ಎಸ್.ಎಸ್.ಪುರಂನ ಒಂದು ಮನೆಯ ಮಹಡಿಯಲ್ಲಿ ಹತ್ತಾರು ಜನಕ್ಕೆ ಕೇಳಿಸಿದರು. ವಯಸ್ಸಾದವರು ಕೂತು ಕೇಳಿದರು, ಚೆನ್ನಾಗಿದೆ ಅಂದರು. ಹುಡುಗರು ನಿರೂಪಣೆ ಬಂದಾಗೆಲ್ಲ ಫೋನ್ ತೆಗೆದರು. ಒಬ್ಬಳು ಹೇಳಿದ್ದು ಮಾತ್ರ ನೇರವಾಗಿತ್ತು: 'ಇದು ನಂಗೆ ಗೊತ್ತಿರೋ ಕಥೇನೇ ಅಲ್ವಾ, ಮತ್ತೆ ಯಾಕೆ ಹೇಳ್ತಿದೀರಾ?'

ಇದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ. ವೆಲ್ಸ್‌ನ ಕಥೆ ಗೊತ್ತಿಲ್ಲದವನು ಬರ್ಟನ್ ಹೇಳಿದ್ದನ್ನು ಕೇಳುತ್ತಾನೆ. ತುಮಕೂರು ಜಿಲ್ಲೆಯಲ್ಲಿ ಕರ್ಣನ ಕಥೆ ಗೊತ್ತಿಲ್ಲದವರನ್ನು ಎಲ್ಲಿಂದ ತರೋದು? ಇನ್ನೊಂದು ಕಾರಣ ಕೇಳುವ ಸಾಧನದ್ದು. ಎಲ್‌ಪಿಯ ಒಂದು ಮಗ್ಗುಲು ಇಪ್ಪತ್ತು ನಿಮಿಷದ ಆಸುಪಾಸು, ಮುಳ್ಳು ಇಟ್ಟರೆ ಮುಗಿಯುವವರೆಗೂ ಕೂತು ಕೇಳುವುದು ವಾಡಿಕೆ. ಈಗ ಆ್ಯಪಿನಲ್ಲಿ ಒಂದೊಂದು ಹಾಡೂ ಬಿಡಿಬಿಡಿ, ಷಫಲ್ ಒತ್ತಿದರೆ ಕರ್ಣ ಸತ್ತಮೇಲೆ ಹುಟ್ಟುತ್ತಾನೆ. ನಿರೂಪಣೆಯ ತುಣುಕು ಒಂದೇ ಬಂದರೆ ಅದು ಏನಕ್ಕೂ ಬಾರದು.

ಆ್ಯಲನ್ ಪಾರ್ಸನ್ಸ್ ಪ್ರಾಜೆಕ್ಟ್ ತಂಡ ಎಡ್ಗರ್ ಆ್ಯಲನ್ ಪೋ ಕಥೆ-ಕವಿತೆಗಳ ಮೇಲೆ 1976ರಲ್ಲಿ ಒಂದು ಆಲ್ಬಂ ಮಾಡಿತು. ಆಗ ನಿರೂಪಣೆ ಇರಲಿಲ್ಲ. 1987ರಲ್ಲಿ ಅದನ್ನೇ ಹೊಸದಾಗಿ ಮಿಕ್ಸ್ ಮಾಡಿದಾಗ ನಟ ಆರ್ಸನ್ ವೆಲ್ಸ್ ಧ್ವನಿಯಲ್ಲಿ ನಿರೂಪಣೆ ಸೇರಿಸಿದರು. ಹೇಳುವವನು ಇಲ್ಲದೆ ಒಂದು, ಹೇಳುವವನು ಬಂದಮೇಲೆ ಇನ್ನೊಂದು, ಎರಡೂ ಸಿಗುತ್ತವೆ. ಐದೂ ಜನಕ್ಕೆ ಎರಡನ್ನೂ ಕೇಳಿಸಿದೆ. ನಾಲ್ಕು ಜನ ಹಳೆಯದೇ ವಾಸಿ ಅಂದರು. ಕೀಬೋರ್ಡ್ ಹುಡುಗ ಮಾತ್ರ ಮುಖ ಊದಿಸಿಕೊಂಡ.

ಆಮೇಲೆ ಕೇಳಿದ್ದು ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1977ರ 'ಅನಿಮಲ್ಸ್'. ಆರ್ವೆಲ್‌ನ 1945ರ 'ಅನಿಮಲ್ ಫಾರ್ಮ್' ಅದರ ಹಿಂದಿದೆ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಹುಡುಕಿದರೆ ಪುಸ್ತಕದ ಕಥೆಯೇ ಇಲ್ಲ. ತೋಟ ಇಲ್ಲ, ದಂಗೆ ಎದ್ದ ದಿನ ಇಲ್ಲ, ಗಾಳಿಗಿರಣಿ ಇಲ್ಲ, ನೆಪೋಲಿಯನ್ ಹಂದಿ ಇಲ್ಲ. ನಾಯಿ, ಹಂದಿ, ಕುರಿ ಅಂತ ಮೂರು ಜಾತಿ ಮಾತ್ರ ಎತ್ತಿಕೊಂಡಿದ್ದಾರೆ. ಆರ್ವೆಲ್ ಬೈದದ್ದು ಸ್ಟಾಲಿನ್ ಕಾಲದ ರಷ್ಯಾವನ್ನು, ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬೈದದ್ದು ತನ್ನದೇ ದೇಶದ ದುಡ್ಡಿನ ಲೋಕವನ್ನು. ಪುಸ್ತಕದ ಕುರಿಗಳು ಕೊನೆವರೆಗೂ ಹೇಳಿಕೊಟ್ಟಿದ್ದನ್ನೇ ಅರಚುತ್ತವೆ, ಆಲ್ಬಂನ ಕುರಿಗಳು ನಾಯಿಗಳ ಮೇಲೆ ತಿರುಗಿ ಬೀಳುತ್ತವೆ. ಇಷ್ಟು ಬದಲಾಯಿಸಿದರೂ ಅದು ಆ ಪುಸ್ತಕದ್ದೇ ಅನ್ನಿಸುತ್ತದೆ. ಹುಡುಗರಿಗೆ ಇದು ಧೈರ್ಯ ಕೊಟ್ಟಿತು.

ನಮ್ಮಲ್ಲಿ ಇಂಥದ್ದು ಇರಲಿಲ್ಲ ಅಂತ ಹೇಳಬೇಡಿ. 1978ರ 'ನಿತ್ಯೋತ್ಸವ' ಕ್ಯಾಸೆಟ್ಟಿನಿಂದ ಕವಿತೆಗಳು ಮನೆಮನೆಗೆ ಹೋದವು, ನಿಸಾರ್ ಅಹಮದರ ಪದ, ಮೈಸೂರು ಅನಂತಸ್ವಾಮಿಯವರ ರಾಗ. ಆದರೆ ಭಾವಗೀತೆ ಕ್ಯಾಸೆಟ್ಟಿನಲ್ಲಿ ಒಂದೊಂದು ಪದ್ಯವೂ ತನ್ನ ಪಾಡಿಗೆ ತಾನು ಇರುತ್ತದೆ. ಒಂದೇ ಕಥೆಯನ್ನು ಹಿಡಿದುಕೊಂಡು ಹೋಗುವ ಕೆಲಸ ಮಾಡಿದವು ಹರಿಕಥೆ ಮತ್ತು ಯಕ್ಷಗಾನದ ಕ್ಯಾಸೆಟ್ಟುಗಳು. ಪಾಪ್ ತಂಡಗಳು ಆ ಕಡೆ ತಿರುಗಿ ನೋಡೋದೇ ಕಡಿಮೆ.

ಕೊನೆಗೆ ಯುದ್ಧ ಬಿಟ್ಟರು, ಹೊಳೆ ಬಿಟ್ಟರು, ಸಾವು ಬಿಟ್ಟರು. ಉಳಿದದ್ದು ಕೃಷ್ಣ-ಕರ್ಣರ ಮಾತು, ಅದರ ಬೆನ್ನಿಗೆ ಕುಂತಿ. ಕೃಷ್ಣ ಮೈದುನತನದ ಸಲಿಗೆಯಲ್ಲಿ ಕರ್ಣನನ್ನು ಎಳೆದು ರಥದಲ್ಲಿ ಕೂರಿಸಿಕೊಳ್ಳುತ್ತಾನೆ. ಕಿವಿಯಲ್ಲಿ ಹುಟ್ಟು ಹೇಳುತ್ತಾನೆ. ಹಸ್ತಿನಾಪುರ ನಿನ್ನದು ಅನ್ನುತ್ತಾನೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗುತ್ತದೆ, ಮೊದಲು ನೆನಪಾಗುವುದು ದುರ್ಯೋಧನ. ಏಳು ಹಾಡು.

ಏಳು ಮಾತ್ರೆ

ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಪದ್ಯದಲ್ಲಿ. ಶಾಲೆಯಲ್ಲಿ ಎಲ್ಲರೂ ಪ್ರಸ್ತಾರ ಹಾಕಿ ಮಾರ್ಕ್ಸ್ ತೆಗೆದುಕೊಂಡು ಮರೆತಿದ್ದೇವೆ. ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ. ಸಾಲಿನ ಗಣಗಳು, ಅಂದರೆ ಮಾತ್ರೆಗಳ ಗುಂಪುಗಳು, ಹೀಗೆ ಬರುತ್ತವೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಭೇದ, ವಿಲ್ಲೆಲೆ, ಕರ್ಣ, ನಿಮ್ಮೊಳು. ಕೃಷ್ಣ ಗುಟ್ಟು ಬಿಚ್ಚುವ ಸಾಲು ಅದು.

ಡ್ರಮ್ಮರ್ ಕಂಪ್ಯೂಟರಿನಲ್ಲಿ ಕೊಂಡಿಟ್ಟುಕೊಂಡಿದ್ದ ಲೂಪುಗಳೆಲ್ಲ (ಮತ್ತೆ ಮತ್ತೆ ತಿರುಗುವ ತಾಳದ ತುಣುಕುಗಳು) ನಾಲ್ಕು ನಾಲ್ಕರ ಲೆಕ್ಕದವು. ಮೊದಲು ಅವನು ಪದ್ಯವನ್ನೇ ಎಳೆದ. 'ಭೇ'ಯನ್ನು ಒಂದು ಮಾತ್ರೆ ಜಾಸ್ತಿ ಎಳೆದರೆ ಮೂರು ನಾಲ್ಕಾಗುತ್ತದೆ, 'ಕರ್ಣ'ದ ಮೇಲೂ ಅಷ್ಟೇ ಮಾಡಿದರೆ ಸಾಲು ಸಲೀಸಾಗಿ ಲೂಪಿನ ಮೇಲೆ ಕೂರುತ್ತದೆ. ಕೂತಿತು. ಕೇಳಿದರೆ ಶಾಲೆ ಮಕ್ಕಳ ಕವಾಯತು. ಕೃಷ್ಣ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದಾನೆ ಅನ್ನೋದು ಮಾಯ. ಯಾಕೆ ಅಂದರೆ ಆ ಮೂರರ ಗಣ ಮೊಟಕು, ಅದು ಮುಗಿಯುವಷ್ಟರಲ್ಲಿ ನಾಲ್ಕರದ್ದು ಬಂದು ಒರಗಿಕೊಳ್ಳುತ್ತದೆ, ಸಾಲು ಯಾವಾಗಲೂ ಸ್ವಲ್ಪ ಮುಂದಕ್ಕೆ ಬಾಗಿಕೊಂಡೇ ಇರುತ್ತದೆ. ಸಮ ಮಾಡಿದರೆ ಆ ಬಾಗು ಹೋಗಿಬಿಡುತ್ತದೆ.

ಸರಿ, ತಾಳವನ್ನೇ ಏಳಕ್ಕೆ ಇಡು ಅಂದೆವು. ಅವನಿಗೆ ಸಿಟ್ಟು ಬಂತು. ಏಳಕ್ಕೆ ಯಾರು ಕುಣೀತಾರೆ ಸಾರ್ ಅಂದ. ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಡಿನ ಬಹುಪಾಲು ಏಳರಲ್ಲೇ ಇದೆ, ಜನ ತಲೆ ಆಡಿಸಿಲ್ಲವಾ ಅಂತ ಗಿಟಾರ್ ಹುಡುಗ. ನಾನು ಹೇಳಿದ್ದು ಮಿಶ್ರ ಛಾಪು: ತಕಿಟ ತಕದಿಮಿ. ದಿನಾ ದೇವಸ್ಥಾನದ ಮೈಕಿನಲ್ಲಿ ಕೇಳುವ ತಾಳ.

ಈಗ ಲೆಕ್ಕ ನೋಡಿ, ನನಗೆ ತುಂಬ ಖುಷಿ ಕೊಟ್ಟ ಭಾಗ ಇದು. ಭಾಮಿನಿಯ ಒಂದನೇ ಸಾಲು 14 ಮಾತ್ರೆ, ಅಂದರೆ ಏಳರ ಎರಡು ಬಾರ್ (ತಾಳದ ಒಂದು ಸುತ್ತು ಒಂದು ಬಾರ್). ಎರಡನೇ ಸಾಲೂ ಎರಡು ಬಾರ್. ಮೂರನೇ ಸಾಲು 23 ಮಾತ್ರೆ: ಮೂರು ಬಾರ್ ತುಂಬಿ ಕೊನೆಯಲ್ಲಿ ಒಂದು ಗುರು ಹೊರಗುಳಿಯುತ್ತದೆ. ಆ ಗುರು ಎರಡು ಮಾತ್ರೆ, ಉಳಿದ ಐದು ಮಾತ್ರೆ ಖಾಲಿ ಬಿಟ್ಟರೆ ನಾಲ್ಕನೇ ಬಾರ್ ಭರ್ತಿ. ಎರಡು, ಎರಡು, ನಾಲ್ಕು. ಒಟ್ಟು ಎಂಟು ಬಾರ್. ಅರ್ಧ ಪದ್ಯಕ್ಕೆ ಎಂಟು, ಪೂರ್ತಿ ಪದ್ಯಕ್ಕೆ ಹದಿನಾರು. ಪಾಪ್ ಹಾಡಿನ ಚರಣಕ್ಕೆ ಸಾಮಾನ್ಯವಾಗಿ ಬೇಕಾದ ಅಳತೆ ಇದೇ! ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಡ್ರಮ್ಮರ್ ಮಾತಾಡಲಿಲ್ಲ, ಅಂಗಡಿಯ ಗಾಜಿನ ಕೌಂಟರ್ ಮೇಲೆ ಬೆರಳಲ್ಲಿ ಹೊಡೆದು ನೋಡಿದ, ಗಿರಾಕಿ ನಿಂತೇ ಇದ್ದರು.

ಆ ಐದು ಮಾತ್ರೆಯ ಖಾಲಿ ಜಾಗದಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಕೃಷ್ಣನ ಪದ್ಯದಲ್ಲಿ ಮೂರನೇ ಸಾಲು 'ನಿನ್ನಾಣೆ' ಅಂತ ಮುಗಿಯುತ್ತದೆ, 'ಣೆ' ನಿಂತಮೇಲೆ ಗಿಟಾರಿನ ಒಂದೇ ಸ್ವರ. ಆರನೇ ಸಾಲು ಮುಗಿಯುವುದು 'ಬಿತ್ತಿದನು ಭಯವ' ಅಂತ. ಅಲ್ಲಿ ಗಿಟಾರ್ ಕೂಡ ಬೇಡ ಅಂದಳು ಹುಡುಗಿ, ಐದು ಮಾತ್ರೆ ಪೂರ್ತಿ ಖಾಲಿ. ಅವಳು ಹೇಳಿದ್ದೇ ಸರಿ. ಭಯ ಬಿತ್ತಿದಮೇಲೆ ಕರ್ಣ ಬಾಯಿ ಬಿಡೋದಿಲ್ಲವಲ್ಲ, ಆ ಖಾಲಿ ಜಾಗ ಅವನದ್ದು.

ಇನ್ನೊಂದು ತೊಡಕು ಇತ್ತು. ಕುಮಾರವ್ಯಾಸನಿಗೆ ಸಾಲು ಮುಗಿದರೆ ಪದವೂ ಮುಗಿಯಬೇಕು ಅನ್ನುವ ಹಟ ಇಲ್ಲ. 'ಸಂ' ಒಂದು ಸಾಲಿನ ಕೊನೆಗೆ, 'ವಾದಿಸುವೊಡೆ' ಮುಂದಿನ ಸಾಲಿಗೆ. ಪಾಪ್ ಹಾಡುವವರಿಗೆ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಅಭ್ಯಾಸ. ಇಲ್ಲಿ ಉಸಿರು ತೆಗೆದರೆ ಪದ ಎರಡು ತುಂಡು. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಅರ್ಥ ನಿಂತ ಕಡೆ ನಿಲ್ಲುತ್ತಾರೆ, ಸಾಲು ನಿಂತ ಕಡೆ ಅಲ್ಲ. ಹುಡುಗಿ ಅದನ್ನು ಕಲಿಯಲಿಕ್ಕೆ ಒಬ್ಬ ಗಮಕಿಗಳ ಹತ್ತಿರ ಹೋಗಿ ಬಂದಳು. ಬಂದಮೇಲೆ ಅವಳ ಹಾಡೇ ಬದಲಾಯಿತು.

ಹೊಸದಾಗಿ ಬರೆದ ಸಾಲುಗಳೂ ಭಾಮಿನಿಯಲ್ಲೇ ಇರಬೇಕು, ಆದರೆ ಮಾತು ಇವತ್ತಿನದ್ದಾಗಿರಬೇಕು ಅಂತ ನಾನು ಪಟ್ಟು ಹಿಡಿದೆ. ಬೇಸ್ ಹುಡುಗ ಬರೆದದ್ದು ಇದು, ಕರ್ಣನ ಉತ್ತರ:

ಯಾರ ಮಗನೋ ಈಗ ಹೇಳುವೆ
ಊರ ಮುಂದ್ಯಾಕ್ ಹೇಳಲಿಲ್ಲಾ
ಸೇರು ರಾಗಿಯ ಕೊಟ್ಟ ಮನೆಯನು ಬಿಟ್ಟು ಬರಲೇನು

ಎಣಿಸಿ ನೋಡಿ, 14, 14, 23. ಎರಡನೇ ಅಕ್ಷರದ ಪ್ರಾಸವೂ ಇದೆ. ಅಂಗ ದೇಶದ ರಾಜನಿಗೆ ಸೇರು ರಾಗಿ ಯಾವ ಲೆಕ್ಕ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. ತುಮಕೂರಿನ ಕರ್ಣ ರಾಗಿ ತಿನ್ನದೆ ಇನ್ನೇನು ತಿಂತಾನೆ? ಋಣ ಅಂದರೇನು ಅನ್ನೋದು ಒಂದೇ ಪದದಲ್ಲಿ ಬಂದಿದೆ, ನಾನು ಮುಟ್ಟಲು ಬಿಡಲಿಲ್ಲ.

ಗುಬ್ಬಿ ಕಡೆಯ ರಾತ್ರಿ

ನಮ್ಮ ಜಿಲ್ಲೆಯಲ್ಲಿ 'ಕುರುಕ್ಷೇತ್ರ' ಪೌರಾಣಿಕ ನಾಟಕ ಇನ್ನೂ ರಾತ್ರಿಯಿಡೀ ನಡೆಯುತ್ತದೆ. ಆನೆ-ಕುದುರೆ ತಂದು ಕುರುಕ್ಷೇತ್ರ ಆಡಿದ ನಾಟಕ ಕಂಪನಿಯ ಗುಬ್ಬಿ ವೀರಣ್ಣನವರ ನೆಲ ಇದು. ಈಗ ಊರಿನವರೇ ಆಡುತ್ತಾರೆ, ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ, ಫ್ಲೆಕ್ಸಿನಲ್ಲಿ ಎಲ್ಲರ ಫೋಟೋ, ಸೀನರಿ ಬಾಡಿಗೆಗೆ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಕರ್ಣ ಹೇಗಿರಬೇಕು ಅಂತ ತೀರ್ಪು ಕೊಡುವ ಜನ ಅಲ್ಲಿರುತ್ತಾರೆ. ಹಾಗಾಗಿ ಮೊದಲ ಬಹಿರಂಗ ಪ್ರಯೋಗ ಅಲ್ಲೇ ಆಗಲಿ ಅಂದುಕೊಂಡು, ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ ನಾಟಕ ಶುರುವಾಗುವ ಮುಂಚೆ ಎರಡು ಹಾಡಿಗೆ ಅವಕಾಶ ಕೇಳಿದೆವು.

ಮೇಷ್ಟ್ರಿಗೆ ಮೊದಲು ಫೋನಿನಲ್ಲಿ ಕೇಳಿಸಿದರು. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಎಲೆಯಡಿಕೆ. ಕೃಷ್ಣನ ಪದ್ಯ ಶುರುವಾದ ಕೂಡಲೇ ತೊಡೆ ಮೇಲೆ ಬೆರಳು ಓಡಿತು, ತಕಿಟ ತಕದಿಮಿ. 'ತಾಳ ಬಿಟ್ಟಿಲ್ಲ ಕಣಪ್ಪ ನೀವು' ಅಂದರು. ಆಮೇಲೆ ಹುಡುಗಿ ಕಡೆ ತಿರುಗಿ, 'ಏನಮ್ಮಾ, ಕರ್ಣ ನೀನಾ?' ಅಂತ ನಕ್ಕರು. ಈಗ ಹೆಣ್ಣುಮಕ್ಕಳೇ ಕಟ್ಟಿದ ತಂಡಗಳೂ ಕುರುಕ್ಷೇತ್ರ ಆಡುತ್ತಿವೆ, ಅವರಿಗೇನೂ ಅದು ಹೊಸದಲ್ಲ.

ರಾತ್ರಿ ಜನರೇಟರ್ ಸದ್ದಿನ ಮಧ್ಯೆ ಎರಡು ಹಾಡು ಆದವು. ಮೊದಲನೆಯದಕ್ಕೆ ಹೇಳಿಕೊಳ್ಳುವಂಥ ಚಪ್ಪಾಳೆ ಇರಲಿಲ್ಲ, ಗಿಟಾರ್ ನೋಡಿ ಜನ ಸಿನಿಮಾ ಹಾಡು ಅಂದುಕೊಂಡಿದ್ದರೋ ಏನೋ. ಎರಡನೆಯದು ಕರ್ಣನ ಉತ್ತರ. ಮೂರನೇ ಸಾಲಿನ ಖಾಲಿ ಜಾಗಕ್ಕೆ ಮೇಷ್ಟ್ರು ಹೇಳದೆ ಕೇಳದೆ ಹಾರ್ಮೋನಿಯಂ ನುಡಿಸಿಬಿಟ್ಟರು. ಐದು ಮಾತ್ರೆ, ಕರಾರುವಾಕ್ಕು. ಜನ 'ಒನ್ಸ್ ಮೋರ್' ಅಂತ ಕೂಗಿದ್ದು ಅಲ್ಲಿ. ರೆಕಾರ್ಡಿಂಗಿನಲ್ಲೂ ಆ ಜಾಗಕ್ಕೆ ಗಿಟಾರ್ ತೆಗೆದು ಹಾರ್ಮೋನಿಯಂ ಹಾಕಿದರು, ಮೇಷ್ಟ್ರೇ ಬಂದು ನುಡಿಸಿ ಹೋದರು, ದುಡ್ಡು ಕೊಟ್ಟೇ ಕಳಿಸಿದೆವು.

ಏನಾಯಿತು

ಆಲ್ಬಂ ಹೊರಬಂತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಏಳು ಹಾಡುಗಳಲ್ಲಿ ಜಾಸ್ತಿ ಜನ ಕೇಳುತ್ತಿರುವುದು ಕುಂತಿಯ ಹಾಡು. ಅದು ಒಂದೇ ನಾಲ್ಕರ ತಾಳದಲ್ಲಿರುವುದು. ಕುಂತಿ ಷಟ್ಪದಿಯಲ್ಲಿ ಅಳೋದು ಬೇಡ, ಜೋಗುಳದ ಹಾಗಿರಲಿ ಅಂತ ಕೀಬೋರ್ಡ್ ಹುಡುಗ ಹಟ ಮಾಡಿ ಮಾಡಿಸಿದ್ದು. ಡ್ರಮ್ಮರ್ ಈಗಲೂ ಅದನ್ನು ತೋರಿಸಿ 'ನಾನು ಹೇಳ್ಲಿಲ್ವಾ' ಅನ್ನುತ್ತಾನೆ. ಇಂಪಾಗಿದೆ, ಒಪ್ಪುತ್ತೇನೆ. ಆದರೆ ಕುಂತಿಯ ಹೆಸರು ತೆಗೆದು ಇನ್ನಾವ ತಾಯಿಯ ಹೆಸರು ಹಾಕಿದರೂ ಆ ಹಾಡು ಹಾಗೇ ನಡೆಯುತ್ತದೆ. ಕುಮಾರವ್ಯಾಸನಿಂದ ಅದಕ್ಕೆ ಬಂದದ್ದು ಸನ್ನಿವೇಶ ಮಾತ್ರ. ಕರ್ಣನ ಉತ್ತರದಲ್ಲಿ ಕವಿಯ ಒಂದೇ ಒಂದು ಪದವೂ ಇಲ್ಲ, ಇಡೀ ಸಾಹಿತ್ಯ ಬೇಸ್ ಹುಡುಗನದ್ದು, ಆದರೂ ಮೇಷ್ಟ್ರು ಕೇಳಿದ ತಕ್ಷಣ 'ಇದು ಭಾರತದ್ದು' ಅಂದರು. ಯಾವುದು ರೂಪಾಂತರ, ಯಾವುದು ಬರೀ ಹೆಸರು ಅಂತ ಹೇಳಲು ನನಗೆ ಈ ಎರಡು ಹಾಡು ಸಾಕು.

ಒಂದು ಕೊರತೆ ಇದೆ. ಹಸ್ತಿನಾಪುರ ಕೊಡ್ತೀನಿ ಅನ್ನುವ ಮೂರನೇ ಹಾಡಿನಲ್ಲಿ ವಾದ್ಯ ತುಂಬ ಗಿಜಿಗಿಜಿ, ಆಮಿಷದ ಮಾತೇ ಕೇಳಿಸೋದಿಲ್ಲ. ಮತ್ತೆ ಮಿಕ್ಸ್ ಮಾಡಿಸಲು ದುಡ್ಡಿಲ್ಲ, ಹಾಗೇ ಬಿಟ್ಟಿದ್ದಾರೆ.

ಮುಂದಿನದಕ್ಕೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ' ಹಿಡಿದಿದ್ದಾರೆ, ಚಂದ್ರಮತಿ ಮಗನ ಹೆಣ ಹೊತ್ತು ಸುಡುಗಾಡಿಗೆ ಬರುವ ಭಾಗ. ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆ. ಮೊದಲೆರಡು ಸಾಲು ನಾಲ್ಕು ನಾಲ್ಕು ಬಾರ್, ಮೂರನೆಯದು ಆರು ಗಣ ಮತ್ತು ಒಂದು ಗುರು, ಖಾಲಿ ಜಾಗ ಸೇರಿಸಿ ಏಳು ಬಾರ್. ಅರ್ಧ ಪದ್ಯಕ್ಕೇ ಒಟ್ಟು ಹದಿನೈದು. ಹದಿನಾರಕ್ಕೆ ಒಂದು ಕಡಿಮೆ. ಡ್ರಮ್ಮರ್ ಆ ಒಂದು ಬಾರ್ ತಾನೇ ತುಂಬುತ್ತೇನೆ ಅನ್ನುತ್ತಿದ್ದಾನೆ. ಹುಡುಗಿ ಬೇಡ ಅನ್ನುತ್ತಿದ್ದಾಳೆ, ಹದಿನೈದಕ್ಕೇ ಮುಂದಿನ ಸಾಲು ಹಿಡಿಯೋಣ, ಎಡವಿದ ಹಾಗೆ ಕೇಳಿಸಲಿ ಅಂತ. ಸದ್ಯಕ್ಕೆ ನಾನು ಹುಡುಗಿ ಕಡೆ.